ಅಳಸಾಂವ ದೊಡ್ಡಾಂವೋ, ಹಾರಸಾಂವ ದೊಡ್ಡಾಂವೋ

ನಮ್ಮೂರಾಗ ಮಳಿ ತಪ್ಪಿದ್ರೂ ಜಗಳ ತಪ್ಪಂಗಿಲ್ಲ. ಬದುವಿನ ಜಗಳ ಮುಗದ್ರ ನೀರಿನ ಪಾಳಿ, ಪಾಳಿ ಮುಗದ್ರ ಇಲೆಕ್ಷನ್ನು, ಅದೂ ಇಲ್ಲಂದ್ರ ಯಾರದೋ ಕೋಳಿ ಯಾರದೋ ತಿಪ್ಪಿ ಕೆದರಿರ್ತೈತಿ. ಆದ್ರ ತೆಲಿ ಪೂರಾ ಬೆಳ್ಳಗಾಗೂತನಕ ನಾ ಕಾಣದಿದ್ದ ಜಗಳ ಒಂದು ಹೋದ ವರ್ಷ ಕಂಡೆ. ಈಗ ಜೀವಂತ ಇರೂ ಸಿನಿಮಾ ಡೈರೆಕ್ಟರುಗಳೊಳಗ ಎಲ್ಲಾರಕಿಂತ ದೊಡ್ಡಾಂವ ಯಾರು? ಇಷ್ಟಽ ಮಾತು. ಇದರ ಸಲುವಾಗಿ ಒಂದು ಹುಡುಗಿ ಲಗ್ನ ಮುರಿಯೂದಕ್ಕ ಬಂತು ನೋಡ್ರಿ!

ಡೈರೆಕ್ಟರುಗಳ ಹೆಸರು ನಾ ಹೇಳಂಗಿಲ್ಲ. ಜೀವಂತ ಮಂದಿ, ನಾಳಿ ಬಂದು ನನ್ನ ಬಾಗಲದಾಗ ನಿಂತ್ರ ಚಾ ಕಾಸವ್ರು ಯಾರು? ಒಬ್ಬಾಂವ ಮರಾಠಿಯಾಂವ, ಅವನ ಸಿನಿಮಾದಾಗ ಎಲ್ಲಾರೂ ಅಳ್ತಾರ. ಇನ್ನೊಬ್ಬಾಂವ ತೆಲುಗಿನಾಂವ, ಅವನ ಸಿನಿಮಾದಾಗ ಹೀರೋ, ಮೋಟಾರು, ಎಮ್ಮಿ, ಎಲ್ಲಾ ಹಾರ್ತಾವ. ಅದಕ್ಕ ನಮ್ಮೂರ ಹೆಂಗಸರು ಒಬ್ಬಂಗ ಅಳಸಾಂವ, ಒಬ್ಬಂಗ ಹಾರಸಾಂವ ಅಂತ ಹೆಸರಿಟ್ರು. ಹೆಂಗಸರು ಅಂದ್ರ ನಾನಽ.

೧. ಹೆಣ್ಣು ನೋಡಾಕ ಬಂದ್ರು

ನಮ್ಮ ಬಾಜೂಮನಿಯಾಂವ ಹಿಟ್ಟಿನ ಗಿರಣಿ ಇಟ್ಟಾನ. ಒಬ್ಬಾಕಿನ ಮಗಳು, ಕಾಲೇಜು ಕಲ್ತಾಕಿ. ಅಕಿನ್ನ ನೋಡಾಕ ಮಾಡಗ್ಯಾಳದ ಕುರಿ ವ್ಯಾಪಾರಿಯೊಬ್ಬ ಹೆಂಡತಿ, ಮಗನ್ನ ಕರಕೊಂಡು ಬಂದ. ಹುಡುಗಂದು ಜತ್ತದಾಗ ಮೊಬೈಲ್ ಅಂಗಡಿ. ನನ್ನ ಯಾರೂ ಕರದಿರಲಿಲ್ಲ. ಇಂಥಾ ಕೆಲಸಕ್ಕ ಕರಿಯೂತನಕ ಕುಂತ್ರ ಸುದ್ದಿ ತಂಗಳಾಗ್ತೈತಿ ಅಂತ ನಾನಽ ಹೋಗಿ ಅಡಗಿಮನಿ ಬಾಗಲದಾಗ ಕುಂತೆ.

ಎಲ್ಲಾ ಚಲೋ ನಡದಿತ್ತು. ಪೋಹೆ ಬಂತು, ಚಾ ಬಂತು, ಹುಡುಗಿ ಬಂತು. ಕುರಿ ವ್ಯಾಪಾರಿ ಮೀಸಿ ತಿರುವಿ ಕೇಳಿದ, "ತಂಗಿ, ನಿನಗ ಏನೇನು ಹವ್ಯಾಸ ಅದಾವ?"

"ಸಿನಿಮಾ ನೋಡ್ತೀನ್ರಿ," ಅಂದ್ಳು.

"ಭಪ್ಪರೆ! ಹಂಗಾರ ಹೇಳು ನೋಡೂಣು, ಈಗ ಬದುಕಿರೂ ಡೈರೆಕ್ಟರುಗಳೊಳಗ ಎಲ್ಲಾರಕಿಂತ ದೊಡ್ಡಾಂವ ಯಾರು?"

ಹುಡುಗಿ ಬಾಯಿ ತಗಿಯೂದ್ರೊಳಗ ಗಿರಣಿಯಾಂವ ನಡುವ ಬಾಯಿ ಹಾಕಿದ. "ಅದ್ರಾಗೇನು ಕೇಳ್ತೀರಿ? ಮರಾಠಿಯಾಂವ. ಅವನಂಗ ಅಳಸಾಂವ ಹಿಂದ ಹುಟ್ಟಿಲ್ಲ, ಮುಂದ ಹುಟ್ಟಂಗಿಲ್ಲ."

ವ್ಯಾಪಾರಿ ಚಾದ ಕಪ್ಪು ಕೆಳಗಿಟ್ಟ. "ಅಳೂದು ನೋಡಾಕ ತಿಕೀಟು ಯಾಕ ತಗೀಬೇಕ್ರಿ? ಸತ್ತ ಮನಿಗೆ ಹೋದ್ರ ಪುಕ್ಕಟ ಕಾಣ್ತೈತಿ. ತೆಲುಗಿನಾಂವನ ಮುಂದ ನಿಮ್ಮಾಂವ ಕುರಿಮರಿ. ಹೀರೋ ಒಂದು ಕಾಲು ನೆಲಕ್ಕ ಒದ್ರ ನೂರು ಮಂದಿ ಮ್ಯಾಲ ಹಾರ್ತಾರ!"

"ಹಾರೂದೇನು ದೊಡ್ಡದ್ರಿ? ನಮ್ಮೂರ ಎಸ್ಟಿ ಬಸ್ಸಿನ ಹಿಂದಿನ ಸೀಟಿಗೆ ಕುಂದ್ರಿ, ಜತ್ತ ಮುಟ್ಟೂದ್ರಾಗ ನೀವೂ ಹಾರ್ತೀರಿ."

ಮುಗೀತು! ಇಬ್ರೂ ಎದ್ದು ನಿಂತ್ರು. ಇವ ಅಳಸಾಂವನ ಸಿನಿಮಾ ಒಂದೊಂದಽ ಹೇಳಾಂವ, ಅವ ಹಾರಸಾಂವನ ಸಿನಿಮಾ ಒಂದೊಂದಽ ಹೇಳಾಂವ. ಕೂಗು ಕೇಳಿ ಓಣಿ ನಾಯಿ ಎಲ್ಲಾ ಬಾಗಲಕ್ಕ ಬಂದು ಬೊಗಳಾಕ ಹತ್ತಿದ್ವು. ಇಬ್ರು ತಾಯಂದಿರು "ಹೋಗ್ಲಿ ಬಿಡ್ರಿ, ಹೋಗ್ಲಿ ಬಿಡ್ರಿ" ಅಂತ ಸೆರಗು ಹಿಡಕೊಂಡು ನಡುವ ನಿಂತ್ರು. ಕಡೀಕ ವ್ಯಾಪಾರಿ ಟೊಪಗಿ ಜಾಡಿಸಿ ಹಾಕ್ಕೊಂಡ. "ಇಂಥಾ ತಿಳುವಳಿಕಿ ಇಲ್ಲದ ಮನ್ಯಾಗ ಸೋಯರಿಕಿ ಮಾಡಬೇಕಾದ್ರ ನಾ ಇನ್ನ ವಿಚಾರ ಮಾಡಬೇಕು," ಅಂದ.

ಆಗ ನೋಡ್ತೀನಿ, ಹುಡುಗಾ ಹುಡುಗಿ ಎರಡೂ ಜಾಗಾದಾಗ ಇಲ್ಲ! ಹಿತ್ತಲಕ್ಕ ಹೋಗಿ ಇಣುಕಿದೆ. ಇಬ್ರೂ ಬೇವಿನ ಗಿಡದ ಕೆಳಗ ನಿಂತು ಮೊಬೈಲದಾಗ ನಂಬರ್ ಒತ್ತಾಕ ಹತ್ತಿದ್ರು. ಅಪ್ಪಗೋಳು ಡೈರೆಕ್ಟರ್ ಯಾರು ಅಂತ ಗೊತ್ತು ಮಾಡೂದ್ರಾಗ ಮಕ್ಕಳು ತಮ್ಮ ಲಗ್ನಾನಽ ಗೊತ್ತು ಮಾಡಿಕೊಂಡು ನಿಂತಿದ್ವು.

೨. ದ್ರಾಕ್ಷಿ ಬಾಗಿನಾಗ ತೀರ್ಪು

ಮರುದಿನ ಊರ ತುಂಬ ಅದಽ ಮಾತು. ಹೆಂಗ ಹಬ್ಬಿತೋ ಏನೋ! ನಾ ಬರೇ ಬಾಂವಿ ಕಟ್ಟಿ, ಕಿರಾಣಿ ಅಂಗಡಿ, ಅಂಗನವಾಡಿ ಮುಂದ ಹೇಳಿದ್ದೆ, ಅಷ್ಟಽ.

ನಮ್ಮ ಹೆಂಗಸರ ಟೋಳಿ ದ್ರಾಕ್ಷಿ ಬಾಗಿಗೆ, ಅಂದ್ರ ತೋಟಕ್ಕ, ಕೂಲಿ ಹೋಗ್ತೈತಿ. ಗೊನಿಯಾಗಿನ ಹೆಚ್ಚಿನ ಕಾಯಿ ಕತ್ತರಿಲೆ ಕತ್ತರಿಸಿ ತಗಿಯೂ ಕೆಲಸ. ಕೈ ಮ್ಯಾಲ, ಕುತ್ತಿಗಿ ಮ್ಯಾಲ, ಬಾಯಿ ಮಾತ್ರ ಖಾಲಿ. ಅವತ್ತು ಬಾಯಿಗೂ ಕೆಲಸ ಸಿಕ್ಕಿತ್ತು. ಅರ್ಧ ಮಂದಿ ಅಳಸಾಂವ ಅಂದ್ರು, ಅರ್ಧ ಮಂದಿ ಹಾರಸಾಂವ ಅಂದ್ರು. ಕತ್ತರಿ ನಿಂತ್ವು, ಕೈ ಸೊಂಟಕ್ಕ ಬಂದ್ವು.

ಬಾಗಿನ ಮಾಲಕ ಘಾಟಿ ಮನಶ್ಯಾ. ಬೈಲಿಲ್ಲ. ನಕ್ಕೋತ ಅಂದ, "ಅಕ್ಕಗೋಳ್ಯಾ, ಬರೇ ಮಾತಿನ್ಯಾಗ ಇದು ಮುಗಿಯಂಗಿಲ್ಲ. ಎಡಗಡಿ ಸಾಲು ಅಳಸಾಂವಂದು, ಬಲಗಡಿ ಸಾಲು ಹಾರಸಾಂವಂದು. ಯಾರ ಸಾಲು ಮೊದಲ ಮುಗೀತೈತಿ, ಅವರಾಂವ ದೊಡ್ಡಾಂವ."

ಯವ್ವಾ, ಏನು ಕತ್ತರಿ ಸಪ್ಪಳ! ಚಾ ಬಂದ್ರ ಚಾ ಕುಡೀಲಿಲ್ಲ, ಎಲಿಅಡಿಕಿ ಹಾಕಲಿಲ್ಲ. ನಡುವ ನಾ ಒಂದು ವಿಚಿತ್ರ ಕಂಡೆ. ಗಿರಣಿಯಾಂವನ ಹೆಂಡತಿ, ಹುಡುಗಿ ತಾಯಿ, ಬಲಗಡಿ ಸಾಲಿನಾಗ ನಿಂತಾಳ! ಗಂಡನ ವಿರುದ್ಧ!

"ಏ, ನಿನ್ನ ಗಂಡ ಅಳಸಾಂವನ ಕಡಿ ಅದಾನಲ್ಲ, ನೀ ಇಲ್ಲಿ ಏನು ಮಾಡ್ತಿ?" ಅಂದೆ.

"ಸುಮ್ಮ ಇರ್ರಿ ಆಯಿ," ಅಂದ್ಳು ಹಲ್ಲು ಕಡಕೋತ. "ಹಾರಲಿ, ಈಸಲಿ, ಏನರ ಮಾಡ್ಲಿ. ಬೀಗರಾಂವ ಗೆದ್ದಾನ ಅಂತ ಮಾಡಗ್ಯಾಳಕ್ಕ ಸುದ್ದಿ ಮುಟ್ಟಿದ್ರ ಅವರ ಸಿಟ್ಟು ಇಳೀತೈತಿ, ನನ್ನ ಮಗಳ ಲಗ್ನ ಆಗ್ತೈತಿ."

ತಾಯಿ ಕೈ ನೋಡ್ರಿ ಅದು! ಹಾರಸಾಂವನ ಸಾಲು ಹೊತ್ತು ಮುಳುಗೂದರ ಮೊದಲಽ ಮುಗೀತು. ಎರಡು ದಿನದ ಕೆಲಸ ಒಂದು ದಿನಕ್ಕ ಮುಗಿಸಿಕೊಂಡು ಮಾಲಕ ಮೀಸಿಯೊಳಗ ನಗಾಕ ಹತ್ತಿದ್ದ. ಅಕಿ ಓಡಿ ಮನಿಗೆ ಹೋಗಿ ಗಂಡನ ಮುಂದ ಹೇಳಿದ್ಳು. ಅವ ಏನಂದ ಗೊತ್ತೈತೇನು? "ಹೆಂಗಸರ ತೀರ್ಪು ಯಾರು ಕೇಳ್ತಾರ?"

ಊರಿಗೆಲ್ಲಾ ಹಿಟ್ಟು ಬೀಸಿ ಕೊಡೂ ಗಿರಣಿಯಾಂವ ಅವತ್ತು ರೊಟ್ಟಿ ಇಲ್ಲದ ಮಲಗಿದ.

೩. ಜೀವಂತ ಇದ್ದಾಂವಗ ಹಾರ

ಗೆದ್ದ ಸುದ್ದಿ ಮಾಡಗ್ಯಾಳಕ್ಕ ಮುಟ್ಟಿತು. ಸಿಟ್ಟು ಇಳೀಲಿಲ್ಲ, ಸೊಕ್ಕು ಏರಿತು. ಹಾರಸಾಂವನ ಹುಟ್ಟಿದ ದಿನ ಹತ್ತರ ಬಂದಿತ್ತು. ನಮ್ಮ ಕಡಿ ಗೊತ್ತಲ್ರಿ, ಹಲ್ಲು ಮೂಡದ ಕೂಸಿನಿಂದ ಹಲ್ಲು ಬಿದ್ದ ಪುಢಾರಿತನಕ ಎಲ್ಲಾರ ವಾಢದಿವಸಕ್ಕೂ ಫ್ಲೆಕ್ಸ್ ಹಚ್ಚತಾರ. ಕುರಿ ವ್ಯಾಪಾರಿ ಜತ್ತದಾಗ ಫ್ಲೆಕ್ಸ್ ಮಾಡಾಂವಗ ಫೋಟೋ ಕಳಿಸಿದ. "ನಮ್ಮ ಬೀಗರೂರ ಸ್ಟ್ಯಾಂಡಿನಾಗ, ಗಿರಣಿ ಎದುರಿಗೆ ಹಚ್ಚು. ದೊಡ್ಡದಿರಲಿ," ಅಂದ.

ದೊಡ್ಡದಽ ಬಂತು. ಹಾರಸಾಂವ ಕರಿ ಗಾಗಲ್ ಹಾಕ್ಕೊಂಡು ನಗಾಕ ಹತ್ತ್ಯಾನ, ಸುತ್ತ ಕಪ್ಪು ಅಂಚು, ಎರಡೂ ಬಾಜೂ ದೀಪ, ಕೆಳಗ "ಭಾವಪೂರ್ಣ ಶ್ರದ್ಧಾಂಜಲಿ"! ಫ್ಲೆಕ್ಸಿನಾಂವ ಅವತ್ತು ಕರಜಗಿಯ ಒಬ್ಬ ಮುದುಕನ ವರ್ಷದ ತಿಥಿ ಫ್ಲೆಕ್ಸೂ ಮಾಡಾಕ ಹತ್ತಿದ್ದನಂತ. ಫೋಟೋ ಅದಲಾಬದಲಿ. ಅತ್ತ ಕರಜಗ್ಯಾಗ ಸತ್ತ ಮುದುಕನ ಸುತ್ತ ಬಲೂನು, ಕೇಕು, "ನೂರು ವರ್ಷ ಬಾಳ್ರಿ" ಅಂತ. ಮುದುಕನ ಹೆಂಡತಿ ಓದಿಸಿಕೊಂಡು ಕೇಳಿ ಕೈ ಮುಗದ್ಳಂತ, "ಬ್ಯಾಡೋ ಯಪ್ಪಾ, ಒಮ್ಮೆ ಹೋಗ್ಯಾನ, ಇರಲಿ ಬಿಡ್ರಿ."

ನಾ ಓಡಿ ಹೋಗಿ ಗಿರಣಿಯಾಂವಗ ಹೇಳಿದೆ, "ಹಾರಸಾಂವ ಹಾರಿ ಹೋದ್ನೋ!"

ಗಿರಣಿಯಾಂವ ಮಾರಿ ಸಣ್ಣದು ಮಾಡಿದ. ಹೊಟ್ಟಿಯಾಗ ಒಳ್ಳೇಂವ ನೋಡ್ರಿ. ಗಿರಣಿ ಬೆಲ್ಟ್ ಬಿಚ್ಚಿಟ್ಟು ಬಂದ್ ಮಾಡಿದ. ಹೆಂಡತಿನ್ನ ಕರಕೊಂಡು, ಒಂದು ಹಾರ ತಗೊಂಡು ಜೀಪು ಹತ್ತಿ ಮಾಡಗ್ಯಾಳಕ್ಕ ಹೋದ. ನಾನೂ ಹತ್ತಿದೆ. ದುಃಖದಾಗ ಮಂದಿ ಬೇಕಾಗ್ತಾರಲ್ಲ.

ಕುರಿ ವ್ಯಾಪಾರಿ ಅಂಗಳದಾಗ ಟಗರು ತೊಳಿಯಾಕ ಹತ್ತಿದ್ದ. ಗಿರಣಿಯಾಂವ ಹೋಗಿ ಅವನ ಹೆಗಲ ಮ್ಯಾಲ ಕೈ ಇಟ್ಟ. "ಸಮಾಧಾನ ಮಾಡ್ಕೋರಿ. ಯಾರ ಕೈಯಾಗೂ ಇಲ್ಲ ಇದು."

ವ್ಯಾಪಾರಿ ಗಾಬರಿಯಾದ. "ಯಾರು ಹೋದ್ರು?"

"ನಿಮ್ಮ ಡೈರೆಕ್ಟರ್ರೀ."

"ಥೂ ನಿಮ್ಮ! ಈಗಿನ್ನ ಟೀವಿಯಾಗ ಕೇಕು ಕೊಯ್ದಾನ!"

ಗಿರಣಿಯಾಂವ ಹಾರ ಮಡಿಚಿ ಚೀಲದಾಗ ಇಟ್ಟ. "ಹಂಗಾರ ನಡ್ಯಾ, ಮನಿಗೆ ಹೋಗೂಣು," ಅಂದ ಹೆಂಡತಿಗೆ. "ಸತ್ತಾನ ಅಂದ್ರ ದೊಡ್ಡಾಂವ ಅಂತ ಒಪ್ಪಾಕ ಬಂದಿದ್ದೆ. ಬದುಕ್ಯಾನ ಅಂದ್ರ ನಾ ಒಪ್ಪಂಗಿಲ್ಲ!"

೪. ಬೀಗರ ಭೆಟ್ಟಿ

ಅಲ್ಲಿಗೆ ಅಪ್ಪಗೋಳ ಮಾತು ಬಂದ್ ಆತು. "ಈ ಸೋಯರಿಕಿ ಮುಗೀತು," ಅಂದ ವ್ಯಾಪಾರಿ. "ಶುರು ಯಾವಾಗ ಆಗಿತ್ತು?" ಅಂದ ಗಿರಣಿಯಾಂವ. ಆದ್ರ ಹುಡುಗ "ಲಗ್ನಾದ್ರ ಅಕಿನ್ನಽ" ಅಂತ ಕುಂತ, ಹುಡುಗಿ "ಲಗ್ನಾದ್ರ ಅವನ್ನಽ" ಅಂತ ಕುಂತ್ಳು. ಇಬ್ರು ತಾಯಂದಿರು ಫೋನಿನಾಗ ಮಾತಾಡಿ ಮುಹೂರ್ತ ತಗಸಿದ್ರು, ಬಸ್ತಾ ಅಂತ ಲಗ್ನದ ಅರಿವಿ ತಗದ್ರು, ಪತ್ರಿಕಿ ಹಂಚಿದ್ರು. ಗಂಡಸರಿಗೆ ಹೇಳಿದ್ದು ಒಂದಽ: "ಹೊಸ ಧೋತರ ಉಟ್ಟು ಬಂದು ನಿಂದ್ರಿ, ಬಾಯಿ ತಗೀಬ್ಯಾಡ್ರಿ."

ಲಗ್ನದ ದಿನ ಮಾಂಡವ ತುಂಬಿತ್ತು. ಸ್ಪೀಕರ್ ಬೇವಿನ ಗಿಡಕ್ಕ ಕಟ್ಟಿದ್ರು, ಬಾಜೂ ಊರು ಕುಣಿಕೋಣೂರ ತನಕ ಕೇಳೂವಂಥಾದ್ದು. ಈಗ ಬಂತು ಗೊಂದಲ. ನಮ್ಮ ಕಡಿ ಅಕ್ಷತಾ ಬೀಳೂದಕ್ಕಿಂತ ಮೊದಲ ಬೀಗರ ಭೆಟ್ಟಿ ಆಗಬೇಕು. ಹೆಣ್ಣಿನ ಅಪ್ಪ ಗಂಡಿನ ಅಪ್ಪಗ ಟೊಪಗಿ ಹಾಕಿ, ಟಾವೆಲ್ ಹೊಚ್ಚಿ, ಇಬ್ರೂ ಎದಿಗೆ ಎದಿ ಹಚ್ಚಬೇಕು. ಭೆಟ್ಟಿ ಇಲ್ಲದ ಲಗ್ನ ಇಲ್ಲ. ಇಬ್ರೂ ಒಬ್ಬ ಪೂರ್ವಕ್ಕ, ಒಬ್ಬ ಪಶ್ಚಿಮಕ್ಕ ಮಾರಿ ಮಾಡಿ ನಿಂತ್ರು. ಮದಿಮಗಳ ಕಣ್ಣಾಗ ನೀರು ತುಂಬಿದ್ವು.

ಮೈಕಿನಾಗ ಹೆಸರು ಕೂಗಾಂವ ಇಬ್ರನ್ನೂ ಜಗ್ಗಿ ನಡುವ ತಂದ. ಜಗ್ಗಾಕ ಎರಡೂ ಕೈ ಬೇಕಲ್ಲ, ಮೈಕು ಬಗಲಾಗ ಹಿಡಕೊಂಡ. ಬಂದ್ ಮಾಡೂದು ಮರತ.

ಗಿರಣಿಯಾಂವ ಟೊಪಗಿ ಎತ್ತಿದ. ಎತ್ತಿ, ಬೀಗಂಗ ಬಿಟ್ಟು ಮೈಕಿನಾಂವನ ತೆಲಿಗೆ ಹಾಕಿದ!

ಮಾಂಡವ ಹೋ ಅಂತು. ಕುರಿ ವ್ಯಾಪಾರಿ ಕೆಂಪಗಾದ. "ನನ್ನ ಮಾರಿ ಕಾಣಲಿಲ್ಲೇನ್ರಿ? ತುಂಬಿದ ಮಂದಿಯಾಗ ಅಪಮಾನ!" ಅದೂ ಸ್ಪೀಕರಿನಾಗ ಬಂತು.

ಗಿರಣಿಯಾಂವ ಬೀಗನ ಕಿವಿಗೆ ಬಾಯಿ ಹಚ್ಚಿ ಸಣ್ಣ ದನಿಲೆ ಅಂದ. ಆ ಸಣ್ಣ ದನಿ ಬೇವಿನ ಗಿಡದಿಂದ ಗುಡುಗಿದಂಗ ಬಂತು: "ಖರೇನಽ ಕಾಣಂಗಿಲ್ರೀ ಬೀಗ್ರ. ಎರಡೂ ಕಣ್ಣಾಗ ಪೊರಿ ಬಂದೈತಿ. ಯಾರ ಮುಂದೂ ಹೇಳಬ್ಯಾಡ್ರಿ. ಗಿರಣಿಯಾಂವಗ ತಕಡಿ ಕಾಣಂಗಿಲ್ಲ ಅಂದ್ರ ಗಿರಾಕಿ ಬರ್ತಾರೇನು?"

"ಅದಕ್ಕಽ ನನ್ನ ಹಿಟ್ಟು ಕಡಿಮಿ ಬರ್ತಿತ್ತು!" ಅಂತ ಹೆಂಗಸರಾಗ ಯಾವಾಕೋ ಚೀರಿದ್ಳು. ಎಲ್ಲಾರೂ ಅಕಿನ್ನ ಸುಮ್ಮ ಕುಂದ್ರಿಸಿದ್ರು. ಇಂಥಾ ಸುದ್ದಿ ಅರ್ಧಕ್ಕ ತಪ್ಪಿದ್ರ ಹೆಂಗ?

ವ್ಯಾಪಾರಿ ದನಿ ಇಳಿಸಿ ಕೇಳಿದ, "ಮತ್ತ ಅಳಸಾಂವನ ಅಷ್ಟು ಸಿನಿಮಾ ಹೆಂಗ ನೋಡಿದ್ರಿ?"

"ನಾ ಎಲ್ಲಿ ನೋಡೀನ್ರಿ? ಮಗಳು ನೋಡಿ ಬಂದು ನನ್ನ ಬಾಜೂ ಕುಂತು ಪೂರಾ ಕತಿ ಹೇಳ್ತಾಳ. ಹೇಳ್ಕೋತ ಅಕಿ ಅಳ್ತಾಳ, ಕೇಳ್ಕೋತ ನಾ ಅಳ್ತೀನಿ. ಅದಕ್ಕ ಅವನಽ ದೊಡ್ಡಾಂವ ಅಂದೆ. ಈಗ ಅಕಿ ನಿಮ್ಮ ಮನಿಗೆ ಬರಾಕ ಹತ್ತ್ಯಾಳ. ನನಗಿನ್ನ ಯಾರು ಹೇಳ್ತಾರ?"

ಕುರಿ ವ್ಯಾಪಾರಿ ಗಿರಣಿಯಾಂವನ್ನ ಎಳದು ಎದಿಗೆ ಹಚ್ಚಿಕೊಂಡ. "ಅಳಬ್ಯಾಡ್ರಿ ಬೀಗ್ರ. ಅಕಿ ಫೋನಿನಾಗ ಹೇಳ್ತಾಳ, ನಾನೂ ಬಾಜೂ ಕುಂತು ಕೇಳ್ತೀನಿ. ಮಿರಜಿಗೆ ನಾನಽ ಕರಕೊಂಡು ಹೋಗಿ ಕಣ್ಣಿನ ಪೊರಿ ತಗಸ್ತೀನಿ. ಮತ್ತ... ನಂದೂ ಒಂದು ಮಾತು ಐತಿ. ಯಾರ ಮುಂದೂ ಹೇಳಬ್ಯಾಡ್ರಿ. ಹಾರಸಾಂವನ ಒಂದು ಸಿನಿಮಾನೂ ನಾ ಪೂರಾ ನೋಡಿಲ್ಲ. ಸಾಂಗ್ಲಿ ಟಾಕೀಜಿನಾಗ ಎಸಿ ಗಾಳಿಗೆ ಕುಂತ ಕೂಡ್ಲೆ ನಿದ್ದಿ ಹತ್ತತೈತಿ."

"ಅಷ್ಟು ಗದ್ದಲದಾಗ?"

"ಕುರಿ ಸಂತ್ಯಾಗ ಬೆಳದಾಂವ್ರೀ ನಾ. ಗದ್ದಲ ಇಲ್ಲದ ನಿದ್ದಿ ಬರಂಗಿಲ್ಲ. ಅಳಸಾಂವನ ಸಿನಿಮಾ ಭಾಳ ಶಾಂತ, ಅಲ್ಲಿ ಎಚ್ಚರ ಇರಬೇಕಾಗ್ತೈತಿ."

ಊರಿಗೆ ಊರಽ ನಗಾಕ ಹತ್ತಿತು. ನಗಿ ಕೇಳಿ ಮೈಕಿನಾಂವಗ ತನ್ನ ಬಗಲು ನೆನಪಾತು. ಅವ ಮೈಕು ಹೊರಗ ತಗಿಯೂದ್ರೊಳಗ ಕುರಿ ವ್ಯಾಪಾರಿ ಹೆಂಡತಿ ಸೆರಗು ಸಿಗಿಸಿಕೊಂಡು ಬಂದು ಅದನ್ನ ಕಸಗೊಂಡ್ಳು. ಕುಣಿಕೋಣೂರ ತನಕ ಕೇಳೂವಂಗ ಗಂಡನ್ನ ಕೇಳಿದ್ಳು:

"ಗದ್ದಲದಾಗಽ ನಿದ್ದಿ ಬರೂದಾದ್ರ ಸಾಂಗ್ಲಿ ತನಕ ಯಾಕ ಹೋಗ್ತೀರಿ? ಮನ್ಯಾಗ ನಾ ಇಲ್ಲೇನು?"