ನಾಲೆ ಪಕ್ಕದಲ್ಲಿ ಎಡಕ್ಕೆ ಎಳೆಯುವ ಕಾರು

ನರಸೀಪುರದಲ್ಲಿ ನಂಜನಗೂಡು ರಸ್ತೆಗೆ ಮುಖ ಮಾಡಿ, ಕಾರಿನ ಚಕ್ರ ನೆಟ್ಟಗೆ ಕೂರಿಸೋ ವೀಲ್ ಅಲೈನ್‌ಮೆಂಟ್ ಅಂಗಡಿ ಇಟ್ಟುಕೊಂಡವನಿಗೆ ವಿಚಿತ್ರ ಕೇಸು ವಾರಕ್ಕೊಂದಾದರೂ ಗಂಟು ಬೀಳುತ್ತದೆ. ನಮ್ಮ ಜನಕ್ಕೆ ಕಾರಿನಲ್ಲಿ ಏನು ಕೆಟ್ಟರೂ ಅದು ಅಲೈನ್‌ಮೆಂಟೇ. ಹಾರನ್ ಕೂಗ್ತಿಲ್ಲ, ಅಲೈನ್‌ಮೆಂಟ್ ನೋಡಿ. ಎ.ಸಿ. ತಣ್ಣಗಿಲ್ಲ, ಹಂಗೇ ಅಲೈನ್‌ಮೆಂಟೂ ನೋಡ್ಬಿಡಿ. ನಾನು ಮೂಗೂರಿನವನು, ಸಿಟ್ಟು ಸ್ವಲ್ಪ ಜಾಸ್ತಿ. ಬಾಯಿಗೆ ಬಂದದ್ದು ಅಂದು ಗಿರಾಕಿ ಕಳಕೊಂಡದ್ದೂ ಉಂಟು. ಆದರೆ ಒಬ್ಬರ ಮುಂದೆ ಮಾತ್ರ ಒಂದು ವಾರ ಪೂರ್ತಿ ಬಾಯಿ ಕಟ್ಟಿಕೊಂಡು ನಿಂತಿದ್ದೆ. ಆ ವಾರ ನಾನು ಪಟ್ಟ ಭಯ ಶತ್ರುವಿಗೂ ಬೇಡ ಕಣ್ರೀ.

೧. ನಾಲ್ಕೇ ಜಾಗ

ಸೋಮವಾರ ಬೆಳಿಗ್ಗೆ ಸೋಸಲೆಯಿಂದ ಮೇಷ್ಟ್ರು ಬಂದರು. ಏಳನೇ ಕ್ಲಾಸಿನಲ್ಲಿ ನನಗೆ ಲೆಕ್ಕ ಹೇಳಿಕೊಟ್ಟವರು. ರಿಟೈರಾದ ಮೇಲೆ ಡ್ರೈವಿಂಗ್ ಕಲಿತು, ಒಂದು ಹಳೇ ಕಾರು ತಗೊಂಡಿದ್ದರು. ಕಾರಿಂದ ಇಳಿದವರೇ, ಗಾಡಿ ಎಡಕ್ಕೆ ಎಳೀತದೆ ಕಣೋ, ಅಂದರು.

ಎಲ್ಲಾ ಕಡೆ ಎಳೆಯುತ್ತಾ ಅಂತ ಕೇಳಿದೆ. ಇಲ್ಲವಂತೆ. ನಂಜನಗೂಡಿಂದ ನರಸೀಪುರಕ್ಕೆ ಬರುವಾಗ ನಾಲ್ಕೇ ಜಾಗದಲ್ಲಂತೆ. ಮಿಕ್ಕ ಕಡೆಯೆಲ್ಲ ಗೆರೆ ಎಳೆದಂಗೆ ಹೋಗ್ತದಂತೆ. ಅದರಲ್ಲೂ ನಾಲೆ ಪಕ್ಕದ ತಿರುವಿನ ಹತ್ತಿರ ಹೋದ ವಾರ ಎಡಗಡೆ ಎರಡು ಚಕ್ರವೂ ಮಣ್ಣಿಗೆ ಇಳಿದಿದ್ದವಂತೆ. ಇನ್ನೊಂದು ಮೊಳ ಹೋಗಿದ್ದರೆ ನೀರೇ.

ಇಷ್ಟು ಹೇಳಿ ಅವರು ದನಿ ತಗ್ಗಿಸಿದರು. ಭಾನುವಾರ ನಂಜನಗೂಡಿನಿಂದ ಮಗಳನ್ನು ಕರಕೊಂಡು ಬರಬೇಕಿತ್ತು. ಚೊಚ್ಚಲ ಬಸುರಿ, ಏಳು ತುಂಬಿದೆ, ಸೀಮಂತ ಮುಗಿದಿದೆ, ಬಾಣಂತನಕ್ಕೆ ತವರಿಗೆ ಬರ್ತಾಳೆ. ಅದೇ ರಸ್ತೆ, ಅದೇ ನಾಲೆ. ಟ್ಯಾಕ್ಸಿ ಮಾಡ್ಕೊಳಿ ಸಾ ಅಂದೆ. ತವರಿನ ಗಾಡಿ ಇಟ್ಟುಕೊಂಡು ಬಾಡಿಗೆ ಗಾಡೀಲಿ ಮಗಳನ್ನ ಕರೆತರೋದಾ ಅಂತ ಕೇಳಿದರು. ಅವರ ಹಟ ನನಗೆ ಹೊಸದಲ್ಲ.

ಕಾರನ್ನು ರ‍್ಯಾಂಪಿಗೆ ಹತ್ತಿಸಿದೆ. ನಮ್ಮ ಮಿಷಿನ್ನಿನಲ್ಲಿ ಅಳತೆ ಸರಿ ಇದ್ದರೆ ಹಸಿರು, ತಪ್ಪಿದ್ದರೆ ಕೆಂಪು. ಮುಂದಿನ ಎಡ ಚಕ್ರ ಕೆಂಪು ತೋರಿಸಿತು. ಅಬ್ಬಾ, ಕಳ್ಳ ಸಿಕ್ಕಿಬಿದ್ದ ಅಂದುಕೊಂಡೆ. ಸರಿ ಮಾಡಿ, ನಾಲ್ಕೂ ಹಸಿರು ಬರಿಸಿ ಅವರಿಗೆ ತೋರಿಸಿದೆ. ಮೇಷ್ಟ್ರು ಕನ್ನಡಕ ಹಾಕಿಕೊಂಡು ಸ್ಕ್ರೀನಿನ ಮೇಲಿದ್ದ ಅಂಕಿಗಳನ್ನೆಲ್ಲ ಓದಿ, ಕೊನೆಗೆ ನನ್ನ ಮುಖ ನೋಡಿದರು.

"ಉತ್ತರ ಸರಿಯಾಗಿದೆ. ನೀನೇ ಮಾಡಿದ್ಯೋ, ಯಾರದಾದರೂ ನೋಡಿ ಬರೆದ್ಯೋ?"

೨. ಡಿಕ್ಕಿಯಲ್ಲಿದ್ದ ಹಂಡೆ

ಬುಧವಾರ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತಿದ್ದೆ, ಕಾರು ಬಂತು. ಈ ಸಲ ಹೆಂಡತಿಯನ್ನೂ ಕರಕೊಂಡು ಬಂದಿದ್ದರು. ಅಮ್ಮಾವರ ಮುಖ ಬಿಳಿಚಿಕೊಂಡಿತ್ತು. ಅವತ್ತೇ ನಂಜನಗೂಡಿಗೆ ಹೋಗಿ ಬಂದರಂತೆ. ಅದೇ ನಾಲ್ಕು ಜಾಗ, ಅದೇ ಎಡ. ನಾಲೆಯ ಹತ್ತಿರ ಎದುರಿಗೆ ಬರ್ತಿದ್ದ ಬಸ್ಸಿನ ಡ್ರೈವರು ಹಾರನ್ ಹೊಡೆದು ಎಬ್ಬಿಸಿದ ಅಂತ ಅಮ್ಮಾವರು ಅಂದರು. ಎಬ್ಬಿಸಿದ ಅಂದರೇನು, ಯಾರೂ ಮಲಗಿರಲಿಲ್ಲ ಅಂತ ಮೇಷ್ಟ್ರು ರೇಗಿದರು.

ನನ್ನ ಡಬ್ಬಿ ಅಲ್ಲೇ ಮುಚ್ಚಿತು. ಮತ್ತೆ ಅಳೆದೆ, ನಾಲ್ಕೂ ಹಸಿರು. ಗಾಳಿ ನೋಡಿದೆ, ಸರಿ ಇತ್ತು. ಮುಂದಿನ ಟೈರುಗಳನ್ನು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಬದಲಾಯಿಸಿದೆ. ಆಮೇಲೆ ಡಿಕ್ಕಿ ತೆಗೆದರೆ, ಎಡಗಡೆ ಮೂಲೆಯಲ್ಲಿ ಒಂದು ತಾಮ್ರದ ಹಂಡೆ, ಹಂಡೆ ತುಂಬ ಇದ್ದಿಲು, ಅದರ ಪಕ್ಕ ಒಂದು ಒರಳು ಕಲ್ಲು! ಬಾಣಂತಿ ನೀರಿಗೆ ಹಂಡೆ, ಸಾಂಬ್ರಾಣಿ ಹೊಗೆಗೆ ಇದ್ದಿಲು, ಖಾರ ಕುಟ್ಟೋದಕ್ಕೆ ಒರಳು. ಬೀಗರ ಮನೆಯಲ್ಲಿ ಸುಮ್ಮನೆ ಬಿದ್ದಿದ್ದವು, ಭಾನುವಾರ ಜಾಗ ಸಾಲಲ್ಲ ಅಂತ ಮುಂಚೆಯೇ ಸಾಗಿಸುತ್ತಿದ್ದರು.

ಇದೇ ಸಾ ಕಾರಣ, ಎಡಗಡೆ ಭಾರ ಹಾಕಿದರೆ ಎಡಕ್ಕೇ ಎಳೀತದೆ ಅಂದೆ. ಹೇಳುವಾಗಲೇ ನನಗೆ ಅನುಮಾನ. ಹೋದ ವಾರ ಹಂಡೆ ಇರಲಿಲ್ಲವಲ್ಲ? ಎಲ್ಲ ಇಳಿಸಿ, ನಾನೊಬ್ಬನೇ ಕಾರು ತಗೊಂಡು ನಂಜನಗೂಡಿನ ತನಕ ಹೋಗಿ ಬಂದೆ. ಮೇಷ್ಟ್ರು ಗುರುತು ಹೇಳಿದ್ದ ನಾಲ್ಕು ಜಾಗದಲ್ಲೂ ನೆಟ್ಟಗೆ ಬಂತು. ನಾಲೆಯ ಪಕ್ಕ ನಿಧಾನಕ್ಕೆ ಬಂದೆ, ಜೋರಾಗಿಯೂ ಬಂದೆ. ಕಾರು ಕದಲಲಿಲ್ಲ. ಕಾರು ಕೆಟ್ಟಿದ್ದರೆ ರಿಪೇರಿ ಮಾಡಬಹುದು, ಸರಿ ಇರೋ ಕಾರನ್ನು ಏನು ಮಾಡೋದು ಹೇಳಿ? ಭಾನುವಾರಕ್ಕೆ ನಾಲ್ಕೇ ದಿನ. ಆ ಹುಡುಗಿಗೆ ಏನಾದರೂ ಆದರೆ ನನ್ನ ಕೈಯಲ್ಲಿ ಆದಂಗೆ.

ವಾಪಸ್ ಬಂದು, ನಾನು ಓಡಿಸಿದರೆ ನೆಟ್ಟಗೇ ಹೋಗ್ತದೆ ಸಾ, ಅಂದೆ. ಮೇಷ್ಟ್ರು ಒರಳಿನ ಮೇಲೆ ಕೂತಿದ್ದವರು ಎದ್ದು ನಿಂತರು.

"ಹಂಗಾದ್ರೆ ಗಾಡಿಗೂ ಗೊತ್ತು ಅನ್ನು, ಯಾರು ಗಿರಾಕಿ, ಯಾರು ಮೆಕ್ಯಾನಿಕ್ಕು ಅಂತ."

೩. ಮಾರಮ್ಮನ ಗುಡಿ

ಶುಕ್ರವಾರ ಅವರೇ ಫೋನ್ ಮಾಡಿದರು. ಮತ್ತೆ ಆಯ್ತಂತೆ. ಇನ್ನು ತಡೆಯೋಕಾಗಲಿಲ್ಲ. ಗಂಡ ಹೆಂಡತಿ ಕಾರು ತಂದು ನಿಲ್ಲಿಸುತ್ತಿದ್ದಂಗೇ ಅಂಗಡಿ ಬಾಗಿಲು ಎಳೆದು, ನಾನೂ ಬರ್ತೀನಿ, ನನ್ನನ್ನ ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿ ತೋರಿಸಿ ಅಂದೆ. ನಾಲೆ ದಾಟುವವರೆಗೆ ನಾನೇ ಓಡಿಸಿದೆ. ಅಲ್ಲಿ ಕಾರು ತಿರುಗಿಸಿ ಸ್ಟೇರಿಂಗ್ ಅವರಿಗೆ ಕೊಟ್ಟೆ. ನಾನು ಮುಂದೆ ಅವರ ಪಕ್ಕ, ಅಮ್ಮಾವರು ಹಿಂದೆ.

ಮೇಷ್ಟ್ರು ಓಡಿಸುವುದು ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ನಲವತ್ತು ದಾಟಲಿಲ್ಲ. ಕನ್ನಡಿ ನೋಡಿದರು, ಸೈಡು ಕೊಟ್ಟರು. ನಾನು ಚಕ್ರದ ಸದ್ದಿಗೇ ಕಿವಿ ಕೊಟ್ಟು ಕೂತಿದ್ದೆ. ಎಡಕ್ಕೆ ನಾಲೆ ಬಂತು. ನೀರು ಬಿಟ್ಟಿದ್ದ ಕಾಲ, ದಡ ತುಂಬಿ ಹರೀತಿತ್ತು. ತಡೆಗೋಡೆ ಇಲ್ಲ, ಏನಿಲ್ಲ. ಇದೇ ಕಣೋ ಆ ಜಾಗ, ಈಗ ನೋಡು, ಅಂದರು ಮೇಷ್ಟ್ರು. ನಾನು ಬಗ್ಗಿ ಕಿಟಕಿಯಿಂದ ಎಡ ಚಕ್ರ ನೋಡಿದೆ. ಸರಿಯಾಗಿಯೇ ಉರುಳುತ್ತಿತ್ತು. ನೋಡ್ತಾ ನೋಡ್ತಾ ಚಕ್ರ ಟಾರು ಬಿಟ್ಟು ಮಣ್ಣಿಗೆ ಇಳೀತು. ಅದರಾಚೆ ನೀರು ಕಾಣಿಸಿತು.

ಜೀವ ಬಾಯಿಗೆ ಬಂತು. ತಿರುಗಿ ನೋಡ್ತೀನಿ, ಸ್ಟೇರಿಂಗ್ ಮೇಲೆ ಕೈಯೇ ಇಲ್ಲ! ಮೇಷ್ಟ್ರು ಬಲಗಡೆ ಮಾರಮ್ಮನ ಗುಡಿಗೆ ಎರಡೂ ಕೈ ಜೋಡಿಸಿ, ಕಣ್ಣು ಮುಚ್ಚಿ, ತಲೆ ಬಾಗಿಸಿ ತುಟಿ ಅಲ್ಲಾಡಿಸ್ತಾ ಇದ್ದಾರೆ.

ಸ್ಟೇರಿಂಗ್ ಹಿಡಿದು ಬಲಕ್ಕೆ ಎಳೆದೆ, ಹ್ಯಾಂಡ್ ಬ್ರೇಕ್ ಎತ್ತಿದೆ. ಕಾರು ಕುಲುಕಾಡಿ ನಿಂತಿತು. ಗುಡಿಗೆ ಕೈ ಮುಗಿಯೋದು ನಮ್ಮ ಕಡೆ ಎಲ್ಲರೂ ಮಾಡೋದೇ. ಬಲಗೈ ಬೆರಳು ಎದೆಗೆ ಮುಟ್ಟಿಸಿ ಮತ್ತೆ ಸ್ಟೇರಿಂಗಿಗೆ ತರ್ತೀವಿ, ಅಷ್ಟೇ. ಇವರದು ಪೂರ್ತಿ ಸೇವೆ. ನೀರು ಹರಿದುಹೋಗಲಿ ಅಂತ ರಸ್ತೆಯನ್ನೇ ಅಂಚಿಗೆ ಇಳಿಜಾರು ಮಾಡಿರ್ತಾರೆ, ಕೈ ಬಿಟ್ಟರೆ ಯಾವ ಕಾರಾದರೂ ಅಂಚಿಗೇ ಹೋಗ್ತದೆ. ಆ ನಾಲ್ಕೇ ಜಾಗ ಯಾಕೆ ಅಂತ ನನಗೆ ಆಗ ಹೊಳೀತು. ನಂಜುಂಡೇಶ್ವರನ ಗೋಪುರ, ಆಂಜನೇಯನ ಗುಡಿ, ಬಸವಣ್ಣನ ಕಲ್ಲು, ಈ ಮಾರಮ್ಮ.

ಮೇಷ್ಟ್ರಿಗೆ ಬೈಯೋ ಧೈರ್ಯ ಬರಲಿಲ್ಲ. ಸಿಟ್ಟೆಲ್ಲ ಹಿಂದಿನ ಸೀಟಿಗೆ ತಿರುಗಿತು. ಅಮ್ಮಾವ್ರೇ, ದಿನಾ ಹಿಂದೆ ಕೂತಿರ್ತೀರಲ್ಲ, ನೀವಾದರೂ ಇದನ್ನ ನೋಡಬಾರದಿತ್ತಾ ಅಂದೆ.

"ಹೆಂಗಪ್ಪಾ ನೋಡಲಿ? ನಾನೂ ಕಣ್ಣು ಮುಚ್ಚಿರ್ತೀನಲ್ಲ."

೪. ಭಾನುವಾರ

ಕಾರಣ ಸಿಕ್ಕಿತು, ಭಯ ಹೋಗಲಿಲ್ಲ. ಒಂದೇ ಕೈಯಲ್ಲಿ ಮುಗೀರಿ ಸಾ ಅಂದೆ. ಒಂಟಿ ಕೈಯಲ್ಲಿ ನಮಸ್ಕಾರ ಮಾಡೋಕೆ ದೇವರೇನು ಇನ್ಸ್‌ಪೆಕ್ಟರಾ ಅಂದರು. ಮನಸ್ಸಿನಲ್ಲೇ ಮುಗೀರಿ ಅಂದೆ. ಮನಸ್ಸಿನಲ್ಲೇ ಲೆಕ್ಕ ಮಾಡಿದೀನಿ ಅಂದವರಿಗೆ ನಾನು ಯಾವತ್ತಾದರೂ ಮಾರ್ಕು ಕೊಟ್ಟಿದ್ದೀನಾ ಅಂದರು. ಗುಡಿ ಬಂದಾಗೆಲ್ಲ ನಿಲ್ಲಿಸಿ ಅಂದೆ. ಭಾನುವಾರ ನಾಲ್ಕೂವರೆಗೆ ರಾಹುಕಾಲ, ಅಷ್ಟರೊಳಗೆ ಮಗಳು ಹೊಸಿಲು ದಾಟಬೇಕು ಅಂದರು. ಅಷ್ಟಕ್ಕೂ ತಪ್ಪು ಕೈಯದು ಅಂತ ಅವರು ಒಪ್ಪಲೇ ಇಲ್ಲ. ದೇವರಿಗೆ ಕೈ ಮುಗಿಯುವಾಗ ದಾರಿ ಬಿಡುತ್ತೆ ಅಂದರೆ ಅದು ಗಾಡಿಯದೇ ದೋಷ ಅಂತ ಒಂದೇ ಪಟ್ಟು.

ಕೊನೆಗೆ ಭಾನುವಾರ ಅಂಗಡಿ ಮುಚ್ಚಿ, ಟ್ರಯಲ್ ನೋಡ್ಬೇಕು ಸಾ ಅಂತ ಸುಳ್ಳು ಹೇಳಿ ನಾನೇ ಸ್ಟೇರಿಂಗ್ ಹಿಡಿದೆ. ನಂಜನಗೂಡಿಂದ ವಾಪಸ್ ಹೊರಟಾಗ ಮೇಷ್ಟ್ರು ನನ್ನ ಪಕ್ಕ, ಅಮ್ಮಾವರು ಮತ್ತು ಮಗಳು ಹಿಂದೆ. ಹುಡುಗಿ ಮಡಿಲಕ್ಕಿ ಗಂಟು ತಬ್ಬಿಕೊಂಡು ಹುಷಾರಾಗಿ ಕೂತಿತ್ತು. ಗೋಪುರ ದಾಟಿತು. ಆಂಜನೇಯ, ಬಸವಣ್ಣ ದಾಟಿದವು. ನನ್ನ ಅಂಗೈ ಬೆವೆತು ಸ್ಟೇರಿಂಗ್ ಜಾರ್ತಿತ್ತು. ಎಡಕ್ಕೆ ನಾಲೆ ಬಂತು, ಬಲಕ್ಕೆ ಮಾರಮ್ಮನ ಗುಡಿ ಕಾಣಿಸಿತು. ಅಪ್ಪ, ಅಮ್ಮ, ಮಗಳು, ಮೂವರೂ ಒಟ್ಟಿಗೆ ಕೈ ಜೋಡಿಸಿ ಕಣ್ಣು ಮುಚ್ಚಿದರು. ಆ ಕಾರಿನಲ್ಲಿ ತೆರೆದಿದ್ದ ಕಣ್ಣು ನನ್ನವೆರಡೇ. ತಾಯಿ, ಇವತ್ತು ನನ್ನ ಕೈ ಬರಲ್ಲ, ಕ್ಷಮಿಸು ಅಂದುಕೊಂಡು, ಹಲ್ಲು ಕಚ್ಚಿ ಎರಡೂ ಕೈಯಲ್ಲಿ ಸ್ಟೇರಿಂಗ್ ಒತ್ತಿ ಹಿಡಿದೆ. ನಾಲೆ ಹಿಂದಕ್ಕೆ ಹೋಯಿತು. ಉಸಿರು ಬಿಟ್ಟೆ.

ಮೇಷ್ಟ್ರು ಕಣ್ಣು ತೆರೆದರು. ಹಿಂದೆ ತಿರುಗಿ ಮಗಳನ್ನು ನೋಡಿದರು. ಕಿಟಕಿಯಿಂದ ಬಗ್ಗಿ ಎಡ ಚಕ್ರ ನೋಡಿದರು, ಚಕ್ರ ಟಾರಿನ ಮೇಲೇ ಇತ್ತು. ಆಮೇಲೆ ನನ್ನ ಕಡೆ ತಿರುಗಿದರು. ಥ್ಯಾಂಕ್ಸ್ ಹೇಳ್ತಾರೆ ಅಂದುಕೊಂಡೆ.

"ನೋಡಿದ್ಯೇನೋ, ಕೈ ಮುಗಿದ್ರೂ ನೆಟ್ಟಗೇ ಬಂತು. ಸೋಮವಾರಾನೇ ಹಿಂಗೆ ಸರಿಯಾಗಿ ಮಾಡಿಕೊಡೋದಕ್ಕೆ ನಿನಗೇನಾಗಿತ್ತು?"