ಮೇಜಿನ ಟ್ಯಾಂಕು, ಮಾಳಿಗೆಯ ಟ್ಯಾಂಕು

"ಮೂರು ವಾರ! ಬರೀ ಮೂರೇ ವಾರ! ಅಷ್ಟರಲ್ಲಿ ನಿಮ್ಮಪ್ಪ ಕುರ್ಚಿ ಬಿಟ್ಟು ಎದ್ದು ಓಡಾಡದಿದ್ರೆ ನಾನು ವಿಜ್ಞಾನದ ಮೇಷ್ಟ್ರೇ ಅಲ್ಲ!"

ಹೀಗೆಂದು ಮೇಷ್ಟ್ರು ಊಟದ ಮೇಜಿಗೆ ಗುದ್ದಿದ ರಭಸಕ್ಕೆ ನೀರಿನ ಲೋಟ ಉರುಳಿ ಹೆಂಡತಿಯ ಮಡಿಲಿಗೆ ಬಿತ್ತು. ಆಕೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ದಿನಕ್ಕೆ ನೂರು ಜನರ ಗೋಳು ಕೇಳಿ ಪಳಗಿದ ಜೀವ. ಲೋಟವನ್ನು ಎತ್ತಿಟ್ಟು ಸಮಾಧಾನವಾಗಿಯೇ ಹೇಳಿದಳು.

"ರೀ, ಮೊದಲು ಮಾಳಿಗೆ ಮೇಲಿನ ಟ್ಯಾಂಕ್ ತೊಳೀರಿ. ನಲ್ಲೀಲಿ ನೀರಿನ ಜೊತೆ ಪಾಚಿ ಬರ್ತಿದೆ. ಆಮೇಲೆ ಪವಾಡ ಮಾಡೋರಂತೆ."

"ಪವಾಡ ಅಲ್ಲ ಕಣೇ, ವಿಜ್ಞಾನ!"

ಇಷ್ಟಕ್ಕೂ ಕಾರಣ ಮಾವನವರ ಮಂಡಿ. ಮಾವ ಸೇನೆಯಲ್ಲಿ ಇಪ್ಪತ್ತೆರಡು ವರ್ಷ ಯುದ್ಧದ ಟ್ಯಾಂಕ್ ಓಡಿಸಿದವರು. ಗುಡ್ಡ, ಮರಳು, ಹಳ್ಳ ಯಾವುದಕ್ಕೂ ಜಗ್ಗದ ಆಸಾಮಿ. ಎರಡು ತಿಂಗಳ ಹಿಂದೆ ಮಂಡಿಯ ಆಪರೇಷನ್ ಆಯಿತು. ಮಗಳ ಮನೆಗೆ ಬಂದು ಕೋಣೆಯ ಕುರ್ಚಿಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತವರು ಏಳಲೇ ಇಲ್ಲ. "ದಿನಾ ನಡೆಸಿ. ಇಲ್ಲದಿದ್ರೆ ಮಂಡಿ ಕಟ್ಟಿಗೆ ಆಗುತ್ತೆ, ಮತ್ತೆ ಆಸ್ಪತ್ರೆಗೇ ಬರಬೇಕು" ಎಂದು ಡಾಕ್ಟರು ಹೇಳಿಯಾಗಿತ್ತು. ವ್ಯಾಯಾಮ ಹೇಳಿಕೊಡಲು ಬಂದವನನ್ನು ಮಾವ ಒಂದೇ ಮಾತಿನಲ್ಲಿ ಓಡಿಸಿದ್ದರು. "ಬೆಟ್ಟ ಹತ್ತಿಸಿದವನು ನಾನು. ನನಗೆ ಅಂಬೆಗಾಲು ಕಲಿಸ್ತೀಯಾ?" ಗದರಿಕೆಯ ಹಿಂದೆ ಇದ್ದದ್ದು ಬರೀ ಹೆದರಿಕೆ, ಬಿದ್ದುಬಿಟ್ಟರೆ ಎಂಬ ಹೆದರಿಕೆ. ಅದು ಮನೆಯವರಿಗೆಲ್ಲ ಗೊತ್ತಿತ್ತು. ಅತ್ತೆ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು, ಅದರ ಸದ್ದಿನಲ್ಲಿ ಅಳುತ್ತಿದ್ದರು. ಮೇಷ್ಟ್ರು ಅದನ್ನು ಒಂದು ಸಂಜೆ ನೋಡಿಬಿಟ್ಟಿದ್ದರು. ಅವತ್ತೇ ಅವರ ಪ್ರತಿಜ್ಞೆ.

ಉಪಾಯ ಸರಳ. ಮಾವ ಓಡಿಸುತ್ತಿದ್ದಂಥದೇ ಟ್ಯಾಂಕು, ಎರಡು ಗೇಣುದ್ದದ್ದು, ರಿಮೋಟಿನಲ್ಲಿ ಓಡುವಂಥದ್ದು, ಬಿಡಿಭಾಗಗಳ ಡಬ್ಬಿಯಲ್ಲಿ ಸಿಗುತ್ತದೆ. ಜೋಡಿಸಿ, ಬಣ್ಣ ಬಳಿದು, ತಂತಿ ಎಳೆದು ಕೋಣೆಗೆ ನುಗ್ಗಿಸುವುದು! ಮಾವ ಎದ್ದು ಬರದೆ ಎಲ್ಲಿಗೆ ಹೋಗುತ್ತಾರೆ?

ಊಟದ ಮೇಜು ಅಂದಿನಿಂದ ಕಾರ್ಖಾನೆ. ಸಂಸಾರಕ್ಕೆಲ್ಲ ಅಡುಗೆಮನೆಯಲ್ಲಿ ನಿಂತುಕೊಂಡೇ ಊಟ. ಮನೆಯ ಭಾಷೆಯೂ ಬದಲಾಯಿತು. "ಟ್ಯಾಂಕ್ ಮುಟ್ಟಬೇಡಿ", "ಟ್ಯಾಂಕ್ ಒಣಗಿಲ್ಲ", "ಟ್ಯಾಂಕ್ ಹತ್ರ ಫ್ಯಾನ್ ಹಾಕ್ಬೇಡಿ." ಮಾಳಿಗೆಯ ಮೇಲಿನದನ್ನು ಅತ್ತೆ ಹುಟ್ಟಿದಾಗಿನಿಂದ ಕರೆಯುತ್ತಿದ್ದದ್ದು "ತೊಟ್ಟಿ" ಎಂದು. ಅವರ ಪಾಲಿಗೆ ಟ್ಯಾಂಕ್ ಎಂದರೆ ಈಗ ಜಗತ್ತಿನಲ್ಲಿ ಒಂದೇ, ಮೇಜಿನ ಮೇಲಿರುವುದು. ಈ ಮಾತನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು. ಮೇಷ್ಟ್ರು ನೆನಪಿಟ್ಟುಕೊಳ್ಳಲಿಲ್ಲ.

ಜೋಡಣೆ ನಾಲ್ಕೇ ದಿನಕ್ಕೆ ಮುಗಿಯಿತು. ಆಮೇಲೆ ಮೇಷ್ಟ್ರಿಗೆ ಕಲೆಯ ಹುಚ್ಚು ಹತ್ತಿತು. ಯುದ್ಧದ ಟ್ಯಾಂಕು ಹೊಸ ಪಾತ್ರೆಯಂತೆ ಹೊಳೆದರೆ ಯಾರು ನಂಬುತ್ತಾರೆ? ಕೆಸರು ಬೇಕು! ತುಕ್ಕು ಬೇಕು! ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕಂದು ಬಣ್ಣ ಸಿಡಿಸಿದರು. ಚಕ್ರದ ಪಟ್ಟಿಗಳ ಸಂದುಸಂದಿಗೂ ಅಂಟು ಬೆರೆಸಿದ ಮಣ್ಣು ಮೆತ್ತಿದರು. ಹೊಗೆ ಕೊಳವೆಯ ಮಸಿಗೆ ಹೆಂಡತಿಯ ಹುಬ್ಬಿನ ಪೆನ್ಸಿಲ್ ಬಲಿಯಾಯಿತು.

"ನನ್ನ ಹುಬ್ಬಿಗೆ ಬೇಡ್ವಾ?"

"ದೇಶಸೇವೆ ಅಂದ್ಕೋ!"

ಆ ಆವೇಶದಲ್ಲಿ ಮುಚ್ಚಳ ತೆಗೆದು ಒಳಗೂ ಕೆಸರು ಬಳಿದರು. ಒಳಗಿದ್ದ ತಂತಿಗಳಿಗೂ ಬಳಿದರು! ಕೆಂಪು, ಕಪ್ಪು, ಹಳದಿ, ನೀಲಿ, ಎಲ್ಲವೂ ಒಂದೇ ಕಂದು. ಕೆಂಪು ಧನ, ಕಪ್ಪು ಋಣ ಎಂದು ಹದಿನೆಂಟು ವರ್ಷ ಪಾಠ ಹೇಳಿದ ಮಹಾನುಭಾವರ ಮುಂದೆ ಈಗ ಧನವೂ ಇಲ್ಲ, ಋಣವೂ ಇಲ್ಲ, ಬರೀ ಕೆಸರು. ಅಂದಾಜಿನ ಮೇಲೆ ಜೋಡಿಸಿದರು. ಮೊದಲ ಸಲ ಫಿರಂಗಿ ಫ್ಯಾನಿನಂತೆ ಗಿರಗಿರನೆ ತಿರುಗಿ ಮೇಷ್ಟ್ರ ಕೆನ್ನೆಗೆ ಬಾರಿಸಿತು. ಎರಡನೆಯ ಸಲ ಟ್ಯಾಂಕು ಬುಗುರಿಯಂತೆ ನಿಂತಲ್ಲೇ ಸುತ್ತಿ ಬಣ್ಣದ ಬಾಟಲಿಗಳನ್ನೆಲ್ಲ ನೆಲಕ್ಕೆ ಉರುಳಿಸಿತು. ಮೂರನೆಯ ಸಲ ಏನೂ ಆಗಲಿಲ್ಲ. ರಿಮೋಟಿನ ಸಂಕೇತ ಹಿಡಿಯುವ ಪುಟ್ಟ ಡಬ್ಬಿಯನ್ನೂ ಬ್ಯಾಟರಿಯನ್ನೂ ಬಿಚ್ಚಿ ಡ್ರಾಯರಿನಲ್ಲಿಟ್ಟು ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತು ಕುಳಿತರು.

ಶುಕ್ರವಾರ ಬಂತು. ಸೋಮವಾರ ಡಾಕ್ಟರು ಮಂಡಿ ನೋಡುವ ದಿನ. ಮಾವ ಗೋಡೆಯನ್ನೇ ನೋಡುತ್ತಿದ್ದರು.

"ಮೂರು ವಾರ ಆಯ್ತು" ಎಂದಳು ಹೆಂಡತಿ. "ಆ ಟ್ಯಾಂಕೂ ಓಡ್ಲಿಲ್ಲ, ಈ ಟ್ಯಾಂಕೂ ತೊಳೀಲಿಲ್ಲ."

ಮೇಷ್ಟ್ರಿಗೆ ರೋಷ ಬಂತು. ಒಂದಾದರೂ ಮುಗಿಸಿ ಮಾನ ಉಳಿಸಿಕೊಳ್ಳೋಣವೆಂದು ನೀರಿನ ಟ್ಯಾಂಕ್ ತೊಳೆಯುವವನನ್ನು ಗೊತ್ತುಮಾಡಿದರು. ಶನಿವಾರ ಬೆಳಿಗ್ಗೆ ಸ್ಕೂಲಿನ ಸ್ಟಾಫ್ ರೂಮಿನಿಂದ ಮನೆಗೆ ಫೋನು ಹಚ್ಚಿದರು.

"ಅತ್ತೆ, ಹತ್ತು ಗಂಟೆಗೆ ಟ್ಯಾಂಕ್ ತೊಳೆಯೋನು ಬರ್ತಾನೆ."

"ಟ್ಯಾಂಕ್ ತೊಳೀಬೇಕಾ? ನಿಜವಾಗ್ಲೂ?"

"ಇನ್ನೇನತ್ತೆ! ಅಷ್ಟೊಂದು ಕೆಸರು ಕೂತಿದೆ. ಒಂದು ಚೂರೂ ಉಳೀಬಾರ್ದು. ಮುಚ್ಚಳ ತೆಗೆದು ಒಳಗೂ ಚೆನ್ನಾಗಿ ಉಜ್ಜಬೇಕು."

"ನೀವೇ ಅಷ್ಟು ಕಷ್ಟಪಟ್ಟು..."

"ನಾನೇ ಮಾಡಬೇಕಿತ್ತು, ಆಗ್ಲಿಲ್ಲ. ನೀವು ಮುಂದೆ ನಿಂತು ಮಾಡಿಸಿ." ಗಂಟೆ ಹೊಡೆಯಿತು. ಮೇಷ್ಟ್ರು ಹಗುರಾದ ಮನಸ್ಸಿನಿಂದ ಕ್ಲಾಸಿಗೆ ನಡೆದರು.

ಒಂದು ಗಂಟೆಗೆ ಮನೆಗೆ ಬಂದಾಗ ಅಂಗಳದ ಬಿಸಿಲಿನಲ್ಲಿ, ಬಿಳಿಯ ಟವೆಲ್ಲಿನ ಮೇಲೆ, ಏನೋ ಹಸಿರಾಗಿ ಫಳಫಳ ಹೊಳೆಯುತ್ತಿತ್ತು. ಮೇಷ್ಟ್ರು ಹತ್ತಿರ ಹೋದರು. ಬಗ್ಗಿದರು. ಅದು ಕೆಸರೆಲ್ಲ ಹೋದ ಅವರದೇ ಟ್ಯಾಂಕು!

"ಅತ್ತೇ!"

ಅತ್ತೆ ಕೈ ಒರೆಸುತ್ತ ಹೊರಗೆ ಬಂದರು. ಮುಖದಲ್ಲಿ ಗೆದ್ದ ಕಳೆ. "ಹೇಗಿದೆ? ಬಿಸಿನೀರು, ಸೋಪು, ಎರಡು ಸಲ ಉಜ್ಜಿದೀನಿ. ಆ ಪಟ್ಟಿ ಒಳಗಿನ ಮಣ್ಣು ಮಾತ್ರ ಜಪ್ಪಯ್ಯ ಅಂದ್ರೂ ಬಿಡ್ಲಿಲ್ಲ. ಯಾರು ಹಾಗೆ ಮೆತ್ತಿದ್ರೋ! ಸೂಜೀಲಿ ಕೆರೆದು ತೆಗೆದೆ."

"ಟ್ಯಾಂಕ್ ತೊಳೆಯೋನು?"

"ಬಂದಿದ್ದ. ಇಷ್ಟಕ್ಕೆ ನೀನ್ಯಾಕಪ್ಪ, ನಾನೇ ತೊಳ್ಕೋತೀನಿ ಅಂದೆ. ಏಣಿ ಹತ್ತೋಕೆ ಆಗುತ್ತಾ ಅಮ್ಮ ಅಂತ ಕೇಳಿದ. ಏಣಿ ಯಾಕೆ, ಮೇಜಿನ ಮೇಲೇ ಇದೆಯಲ್ಲ ಅಂದೆ. ನನ್ನ ಮುಖಾನೇ ನೋಡ್ಕೊಂಡು ಹೋದ."

ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಗಾದೆ ಇಷ್ಟು ಅಕ್ಷರಶಃ ಯಾರ ಮನೆಯಲ್ಲೂ ನಿಜವಾಗಿರಲಾರದು! ಮೂರು ವಾರದ ಕಲೆ, ಹೊಳೆಯಲ್ಲಿ ಹುಣಸೇಹಣ್ಣು ತೊಳೆದಂತೆ, ಬಚ್ಚಲ ಮೋರಿಯಲ್ಲಿ ಹರಿದುಹೋಗಿತ್ತು. ಬೈಯೋಣವೆಂದರೆ ಅಷ್ಟೂ ಮಾತು ತಮ್ಮದೇ. ಅತ್ತೆಯ ಬೆರಳ ತುದಿಗಳು ಉಜ್ಜಿ ಉಜ್ಜಿ ಕೆಂಪಾಗಿದ್ದವು. ಅದನ್ನು ಕಂಡ ಮೇಷ್ಟ್ರಿಗೆ ಸಿಟ್ಟು ಬರುವ ಬದಲು ಅಳು ಬಂತು. "ಚೆನ್ನಾಗಿ... ಚೆನ್ನಾಗಿದೆ ಅತ್ತೆ" ಎಂದರು.

"ಒಳಗೂ ನೋಡಿ. ಅಷ್ಟು ಚೆಂದದ ಬಣ್ಣಬಣ್ಣದ ತಂತಿ, ಕೊಳೇಲಿ ಮುಚ್ಚಿಹೋಗಿತ್ತು."

ಮೇಷ್ಟ್ರು ಗಬಕ್ಕನೆ ಮುಚ್ಚಳ ತೆಗೆದರು. ಕೆಂಪು! ಕಪ್ಪು! ಹಳದಿ! ನೀಲಿ! ಕಳೆದುಹೋದ ಧನ ಋಣಗಳೆಲ್ಲ ಮೈ ತೊಳೆದುಕೊಂಡು ಮರಳಿ ಬಂದಿದ್ದವು. ಅವರು ಅತ್ತೆಯ ಎರಡೂ ಕೈ ಹಿಡಿದು ಕುಣಿದೇಬಿಟ್ಟರು. ಅತ್ತೆ ಗಾಬರಿಯಾಗಿ ಮಗಳಿಗೆ ಫೋನು ಮಾಡಿದರು: "ಬೇಗ ಬಾರೇ, ನಿನ್ನ ಗಂಡನಿಗೆ ಏನೋ ಆಗಿದೆ."

ಹೆಂಡತಿ ಬರುವಷ್ಟರಲ್ಲಿ ಅವಳ ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿಯಲ್ಲಿ ಟ್ಯಾಂಕಿನ ಒಳಮೈ ಒಣಗಿತ್ತು, ಡ್ರಾಯರಿನ ಡಬ್ಬಿ, ಬ್ಯಾಟರಿ ಒಳಗೆ ಕೂತಿದ್ದವು, ತಂತಿಗಳೆಲ್ಲ ಜೋಡಣೆಯಾಗಿದ್ದವು. ನಡೆದದ್ದನ್ನು ಕೇಳಿ ಅವಳು ಹೊಸ್ತಿಲ ಮೇಲೇ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು ಮೆತ್ತಗೆ ಕೇಳಿದಳು. "ಅಪ್ಪ ನೋಡ್ತಾರಾ?"

"ನೋಡ್ಲೇಬೇಕು" ಎಂದರು ಮೇಷ್ಟ್ರು. ಅವರು ರಿಮೋಟನ್ನು ಕೈಗೆತ್ತಿಕೊಂಡರು.

ಗುಂಡಿ ಒತ್ತಿದರು. ಟ್ಯಾಂಕಿನ ಹೊಟ್ಟೆಯಲ್ಲಿದ್ದ ಪುಟ್ಟ ಸ್ಪೀಕರು ಗುಡುಗುಡು ಎಂದಿತು. ಹಜಾರ ದಾಟಿ, ನೇರ ಕೋಣೆಯ ಬಾಗಿಲಿಗೆ. ಗೋಡೆ ನೋಡುತ್ತಿದ್ದ ಮಾವನ ತಲೆ ನಿಧಾನವಾಗಿ ತಿರುಗಿತು. ಮಂಚದ ಕಾಲಿಗೆ ಬಡಿಯದಿರಲೆಂದು ಮೇಷ್ಟ್ರು ಎಡಕ್ಕೆ ಒತ್ತಿದರು. ಟ್ಯಾಂಕು ಬಲಕ್ಕೆ ಹೊರಳಿ, ಕುರ್ಚಿಗೆ ಒರಗಿಸಿದ್ದ ಊರುಗೋಲನ್ನು ಕೆಡವಿತು. ಊರುಗೋಲು ಜಾರಿ ಮಂಚದಡಿ ಸೇರಿತು. ಟ್ಯಾಂಕು ಅಲ್ಲಿಗೂ ನಿಲ್ಲದೆ ಔಷಧಿ ಬಾಟಲಿಗಳಿದ್ದ ಸ್ಟೂಲಿನ ಕಡೆ ನುಗ್ಗಿತು.

"ಎಡಕ್ಕೆ! ಎಡಕ್ಕೆ ತಿರುಗಿಸು!" ತಿಂಗಳುಗಳಿಂದ ಗೊಣಗಾಟವಷ್ಟೇ ಕೇಳುತ್ತಿದ್ದ ಗಂಟಲಿನಿಂದ ಗರ್ಜನೆ ಬಂತು.

"ಎಡಕ್ಕೇ ಒತ್ತಿದೀನಿ ಮಾವ!"

"ಸುಳ್ಳು! ಎಡ ಬಲ ಗೊತ್ತಿಲ್ಲದವನ ಕೈಗೆ ಟ್ಯಾಂಕ್ ಕೊಟ್ಟೋರು ಯಾರು?"

ಮಾವ ಎದ್ದರು! ಊರುಗೋಲಿಲ್ಲ, ಯಾರ ಹೆಗಲೂ ಇಲ್ಲ. ಎದ್ದು ನಡೆದರು. ಮೇಷ್ಟ್ರು ಹಿಡಿಯಲು ಧಾವಿಸಿದರೆ ಹೆಂಡತಿ ಅವರ ತೋಳು ಹಿಡಿದು ನಿಲ್ಲಿಸಿದಳು. ಅವಳ ತುಟಿ ಸದ್ದಿಲ್ಲದೆ ಎಣಿಸುತ್ತಿತ್ತು. ಆರು, ಏಳು, ಎಂಟು. ಹನ್ನೊಂದನೆಯ ಹೆಜ್ಜೆಗೆ ಮಾವ ಬಾಗಿಲಿಗೆ ಬಂದು ರಿಮೋಟನ್ನು ಕಿತ್ತುಕೊಂಡರು. ಎರಡೇ ಕ್ಷಣದಲ್ಲಿ ಅವರಿಗೆ ರೋಗ ತಿಳಿಯಿತು. ಬಲಕ್ಕೆ ಒತ್ತಿ ಎಡಕ್ಕೆ ತಿರುಗಿಸಿ, ಟ್ಯಾಂಕನ್ನು ಸ್ಟೂಲಿನ ಅಂಚಿನಿಂದ ಹಿಂದಕ್ಕೆ ತಂದು ತಮ್ಮ ಕಾಲ ಬುಡದಲ್ಲಿ ನಿಲ್ಲಿಸಿದರು. ಅತ್ತೆ ಈ ಸಲ ನಲ್ಲಿ ಬಿಡದೆಯೇ ಅತ್ತರು.

"ಇದನ್ನ ಎದುರಿಗೆ ಇಟ್ಕೊಂಡು ತಂತಿ ಜೋಡಿಸಿದ್ರಾ ಮೇಷ್ಟ್ರೇ?"

"ಹೌದು ಮಾವ." ಹದಿನೆಂಟು ವರ್ಷ ಮಕ್ಕಳಿಗೆ ಎದುರಾಗಿ ನಿಂತು ಪಾಠ ಮಾಡಿದವರಿಗೆ ಇದು ವೃತ್ತಿರೋಗ.

"ನಿಮ್ಮ ಎಡ ಅಲ್ರೀ, ಟ್ಯಾಂಕಿನ ಎಡ ನೋಡ್ಬೇಕು!"

ಮಗಳು ಟ್ಯಾಂಕನ್ನು ಎತ್ತಿಕೊಟ್ಟಳು. ಮಾವ ಚಕ್ರದ ಪಟ್ಟಿಯ ಮೇಲೆ ಹೆಬ್ಬೆರಳು ಎಳೆದು, ಬೆರಳಿಗೆ ಮಣ್ಣು ಹತ್ತಿದೆಯೇ ಎಂದು ನೋಡಿದರು. ಹತ್ತಿರಲಿಲ್ಲ. ಅವರ ಕಣ್ಣು ತುಂಬಿತು.

"ಯಾರು ತೊಳೆದದ್ದು?"

"ಅತ್ತೆ" ಎಂದರು ಮೇಷ್ಟ್ರು.

"ಅದಕ್ಕೇ! ನನ್ನ ಟ್ಯಾಂಕ್ ಥರಾನೇ ಇದೆ. ಇಪ್ಪತ್ತೆರಡು ವರ್ಷ, ಎಂಥಾ ಕೆಸರಲ್ಲಿ ಓಡಿಸಿದ್ರೂ ತೊಳೆಯದೆ ಊಟಕ್ಕೆ ಕೂತೋನಲ್ಲ ನಾನು. ಟ್ಯಾಂಕ್ ಮೇಲೆ ಕೆಸರು ಬಿಡೋನು ಶುದ್ಧ ಸೋಮಾರಿ. ಏನಂತೀರಿ?"

"ನಿಜ ಮಾವ" ಎಂದರು ಶುದ್ಧ ಸೋಮಾರಿಗಳು. ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ಒಳಗೆ ಓಡಿದಳು.

ಸೋಮವಾರ ಡಾಕ್ಟರು ಮಂಡಿ ಮಡಿಸಿ ನೋಡಿ, "ಪರವಾಗಿಲ್ಲ, ಯಾರು ನಡೆಸಿದ್ರು?" ಎಂದರು. "ನಡೆಸೋಕೆ ಬರದ ಒಬ್ಬರು" ಎಂದರು ಮಾವ. ಮೇಷ್ಟ್ರು ಹೊರಗೆ ಬಂದು ಬೆಂಚಿನ ಮೇಲೆ ಕುಳಿತು ಉಸ್ಸೆಂದು ಉಸಿರು ಬಿಟ್ಟರು. ಮೂರು ವಾರದಲ್ಲಿ ಅಷ್ಟು ಹಾಯಾದ ಉಸಿರು ಅವರು ಬಿಟ್ಟಿರಲಿಲ್ಲ.

ಇಷ್ಟಾದರೂ ನಲ್ಲಿಯಲ್ಲಿ ಪಾಚಿ ಬರುವುದು ನಿಂತಿರಲಿಲ್ಲ. ಮತ್ತೆ ಕರೆದರೆ ಟ್ಯಾಂಕ್ ತೊಳೆಯುವವನು, "ನಿಮ್ಮನೇಲಿ ಅಮ್ಮನೇ ಮೇಜಿನ ಮೇಲಿಟ್ಕೊಂಡು ತೊಳೀತಾರಲ್ಲ ಸಾರ್" ಎಂದು ಫೋನಿಟ್ಟುಬಿಟ್ಟ. ಭಾನುವಾರ ಬೆಳಿಗ್ಗೆ ಮೇಷ್ಟ್ರೇ ಪ್ಯಾಂಟು ಮಡಚಿ, ಬ್ರಷ್ ಹಿಡಿದು ನೀರಿನ ಟ್ಯಾಂಕಿನೊಳಗೆ ಇಳಿದರು.

"ಅಳಿಯಂದಿರು ತೊಟ್ಟಿಗೆ ಯಾಕೆ ಇಳಿದಿದ್ದಾರೆ?" ಅಂಗಳದಲ್ಲಿ ಅತ್ತೆ ಮಗಳನ್ನು ಕೇಳುತ್ತಿದ್ದರು. ಅವರ ಪಕ್ಕದಲ್ಲಿ ಮಾವ ಊರುಗೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನೆಟ್ಟಗೆ ನಿಂತು ಮೇಲಕ್ಕೆ ಕೂಗಿದರು.

"ಎಡಗಡೆ ಉಜ್ಜಿ! ಇನ್ನೂ ಎಡಕ್ಕೆ!"

ಮೇಷ್ಟ್ರು ಎಡಗಡೆ ಉಜ್ಜಿದರು. ದುಂಡನೆಯ ಟ್ಯಾಂಕಿಗೆ ಎಡ ಯಾವುದು, ಬಲ ಯಾವುದು ಎಂದು ಕೇಳುವ ಧೈರ್ಯ ಅವರಿಗಿರಲಿಲ್ಲ.

"ಉಜ್ಜೋ ಸದ್ದು ಬಲಗಡೆಯಿಂದ ಬರ್ತಿದೆ" ಎಂದು ಕೆಳಗಿನಿಂದ ಗರ್ಜನೆ ಕೇಳಿತು. "ಎಷ್ಟು ಸಲ ಹೇಳ್ಬೇಕು ಮೇಷ್ಟ್ರೇ? ನಿಮ್ಮ ಎಡ ಅಲ್ಲ, ಟ್ಯಾಂಕಿನ ಎಡ!"