ನೌಕೆಗೆ ಹೊದಿಕೆ, ಪಕ್ಕದ ಮನೆಗೆ ಬ್ಲೌಸು

ನನ್ನ ಕೆಲಸ ಏನು ಅಂತ ಶೆಟ್ಟಿಹಳ್ಳೀಲಿ ಬಾಯಿಬಿಟ್ಟಾಗಲೆಲ್ಲ ಒಂದಲ್ಲ ಒಂದು ಅವಮಾನ ಕಾದಿರುತ್ತೆ. ಅಭ್ಯಾಸ ಆಗಿದೆ ಅಂದ್ರೆ ಸುಳ್ಳು, ಇನ್ನೂ ಉರಿಯುತ್ತೆ.

ಬಾಹ್ಯಾಕಾಶ ನಿಲ್ದಾಣಕ್ಕೆ ಸಾಮಾನು ಒಯ್ಯೋ, ಜನ ಇಲ್ಲದ ನೌಕೆ ಇದೆಯಲ್ಲ, ಅದರ ಹಿಂಭಾಗಕ್ಕೆ ಸರ್ವೀಸ್ ಮಾಡ್ಯೂಲ್ ಅಂತಾರೆ. ಎಂಜಿನ್ನು, ಇಂಧನ, ಕರೆಂಟು, ದುಡಿಮೆಯೆಲ್ಲ ಅದರದ್ದೇ. ಬಿಸಿಲು, ಚಳಿ ತಟ್ಟದ ಹಾಗೆ ಅದಕ್ಕೆ ತೆಳು ಹಾಳೆಗಳ ಹೊದಿಕೆ ಹೊಲಿಯೋಳು ನಾನು.

ಟೈಲರ್ ಸೊಸೆ

ನಮ್ಮತ್ತೆ ಬೀದಿಗೆಲ್ಲ ಹೇಳಿದ್ದು ಇಷ್ಟೇ: "ಸೊಸೆ ಕಂಪನೀಲಿ ಟೈಲರ್ರು." ನನಗೆ ದಿನಾ ಹೇಳೋದು, "ಕೆಲಸ ಬಿಟ್ಟು ಮುಂದಿನ ರೂಮಲ್ಲಿ ಮಿಷನ್ ಆಕ್ಕೊಂಡು ಕೂತ್ಕೋ."

ಬಿಡೋ ಮಾತೇ ಇಲ್ಲ. ಆ ಕೆಲಸದಲ್ಲಿ ನನ್ನ ಜೀವ ಇದೆ. ಗಂಡ ಮೊಬೈಲಿಂದ ತಲೆ ಎತ್ತದೆ, "ಅಮ್ಮ ಹೇಳೋದೂ ಸರೀನೇ" ಅಂದ್ರು. ಏನ್ ಹೇಳಿದ್ರು ಅಂತ ಕೇಳಿದೆ. ಗೊತ್ತಿರಲಿಲ್ಲ.

ಗಾಳಿ ಆಡೋ ಬ್ಲೌಸು

ಪಕ್ಕದ ಮನೆ ಆಂಟಿ ರೇಷ್ಮೆ ಬ್ಲೌಸ್ ಪೀಸ್ ತಂದುಕೊಟ್ರು. "ರಾಕೆಟ್ಟಿಗೇ ಹೊಲೀತೀಯ, ನನಗೆ ಹೊಲಿಯಕ್ಕಾಗಲ್ವಾ?"

ನಮ್ಮ ಕೆಲಸದಲ್ಲಿ ದಾರ ಬಿಗಿ ಎಳೀಬಾರದು. ಪದರಗಳು ಅಂಟಿಕೊಂಡ್ರೆ ಶಾಖ ಒಳಗೆ ನುಗ್ಗುತ್ತೆ. ಎಲ್ಲ ಸಡಿಲ, ಸಡಿಲ. ಕೈಗೆ ಅದೇ ರೂಢಿ. ಹೊಲಿದು ಕೊಟ್ಟ ಎರಡೇ ದಿನಕ್ಕೆ ಆಂಟಿ ಗೇಟಿನ ಹತ್ರ ಬಂದು ಬೀದಿಗೆಲ್ಲ ಬ್ಲೌಸ್ ಬಿಡಿಸಿ ತೋರಿಸಿದ್ರು. "ಇದರೊಳಗೆ ನಾನೂ ನನ್ನ ತಂಗೀನೂ ಒಟ್ಟಿಗೆ ಹೋಗ್ಬಹುದು ಕಣ್ರೀ!"

"ಗಾಳಿ ಆಡುತ್ತೆ ಬಿಡಿ ಆಂಟಿ" ಅಂದೆ. ಇವತ್ತಿಗೂ ಮಾತಿಲ್ಲ.

ಅತ್ತೆಯ ತೀರ್ಪು

ಗೇಟಿನ ಜಗಳ ಆದ್ಮೇಲೆ ಕೆಲಸ ಬಿಡಲೇಬೇಕು ಅಂತ ಅತ್ತೆ ಹಟ ಹಿಡಿದ್ರು. ನಾನೂ ರೋಸಿ ಅಂದೆ: "ನೌಕೆ ನಿಲ್ದಾಣ ತಲುಪೋದನ್ನ ಟೀವೀಲಿ ತೋರಿಸ್ತಾರೆ. ನನ್ನ ಕೆಲಸ ನೋಡಿ. ಆಮೇಲೂ ಬಿಡು ಅಂದ್ರೆ ಬಿಡ್ತೀನಿ."

ಆ ದಿನ ಎಲ್ಲರೂ ಟೀವಿ ಮುಂದೆ ಕೂತ್ವಿ. ನೌಕೆಯ ಮೂತಿ ತೋರಿಸಿದ್ರು, ಬಾಗಿಲು ತೋರಿಸಿದ್ರು, ಒಳಗಿನ ಮೂಟೆಗಳನ್ನೂ ತೋರಿಸಿದ್ರು.

"ನಿಂದೆಲ್ಲಿ?" ಅಂದ್ರು ಅತ್ತೆ.

"ಹಿಂದಿದೆ ಅತ್ತೆ. ಕಾಣಲ್ಲ."

"ವಾಪಸ್ ಬಂದ್ಮೇಲೆ ತೋರಿಸ್ತಾರೇನೋ."

"ವಾಪಸ್ ಬರಲ್ಲ. ಅಲ್ಲಿನ ಕಸ ತುಂಬಿ ಕಳಿಸ್ತಾರೆ. ಬರೋ ದಾರೀಲೇ ಎಲ್ಲ ಸುಟ್ಟುಹೋಗುತ್ತೆ."

"ನೀನು ಹೊಲಿದಿದ್ದು?"

"ಅದೂ." ಸೋತೆ ಅಂದ್ಕೊಂಡೆ.

ಅತ್ತೆ ಟೀವಿ ಆರಿಸಿ ನನ್ನ ಕಡೆ ತಿರುಗಿದ್ರು. "ಅಂಗಾದ್ರೆ ಕೆಲಸ ಬಿಡ್ಬೇಡ."

ನನಗೆ ಕಣ್ಣಲ್ಲಿ ನೀರು ಬಂತು.

"ನೀನು ಹೊಲಿದಿದ್ದು ಸುಟ್ಟೋಗೋದೇ ವಾಸಿ ಕಣಮ್ಮ," ಅಂದ್ರು. "ಯಾರೂ ವಾಪಸ್ ತಂದು ಗೇಟಲ್ಲಿ ಜಗಳ ಆಡಲ್ಲ."